ಗರುಡಗಂಬದ ಸುಗ್ಗಲದೇವಿ

ಹಳೇಬೀಡಿಗೆ ಹೋದವರೆಲ್ಲ ಹೊಯ್ಸಳೇಶ್ವರನ ಗೋಡೆಗಳನ್ನು ಕಣ್ತುಂಬ ನೋಡುತ್ತಾರೆ. ದೇವಾಲಯದ ದಕ್ಷಿಣಕ್ಕಿರುವ ಗರುಡಗಂಬದ ಬಳಿ ನಿಲ್ಲುವವರು ಕಡಿಮೆ. ನಿಂತು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ವೀರರು ಅಲ್ಲಿದ್ದಾರೆ!

ಆ ಕಾಲದಲ್ಲಿ ದೊರೆಯೆಂದರೆ ಬರೀ ಆಳುವವನಲ್ಲ, ನಾಡಿನ ಉಸಿರು. ಅವನ ಅನ್ನ ಉಂಡವರಿಗೆ ಜೋಳದ ಪಾಳಿ. ಅವನೊಡನೆ ಸಾಯುತ್ತೇನೆಂದು ಮಾತು ಕೊಟ್ಟವರಿಗೆ ವೇಳೆವಾಳಿ. ಹಾಗೆ ಮಾತು ಕೊಟ್ಟವರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನೂ ಒಬ್ಬ. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ ಜೀವ ಬಿಟ್ಟ. ಅವನ ಹೆಂಡತಿ ಸುಗ್ಗಲದೇವಿಯೂ ಪ್ರಾಣ ಕೊಟ್ಟಳು.

ದೊರೆಯ ಏಳಿಗೆಯನ್ನು ದೇವರ ಜೊತೆ ಹೆಣೆಯುವ ನಂಬಿಕೆ ಅದಕ್ಕೂ ಹಳೆಯದು. ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ ವಿಷ್ಣುವರ್ಧನನ ಪಟ್ಟದರಾಣಿ ಶಾಂತಲೆ ಜಿನಭಕ್ತೆ. ಆಕೆ 1131ರಲ್ಲಿ ಕಣ್ಮುಚ್ಚಿದಳು. 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ದೊರೆಗೆ ಒಯ್ದಾಗ, ಅವನಿಗೆ ಯುದ್ಧದಲ್ಲಿ ಗೆಲುವಾಗಿತ್ತು, ಇನ್ನೊಬ್ಬ ರಾಣಿಯಲ್ಲಿ ಗಂಡುಮಗುವೂ ಹುಟ್ಟಿತ್ತು. ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ವಿಷ್ಣುಭಕ್ತ ದೊರೆಗೆ ಜಿನಪ್ರಸಾದ ಬೇರೆ ಮನೆಯದೆನಿಸಲಿಲ್ಲ. ಬೇಲೂರಿನ ಒಂದು ಶಾಸನವಂತೂ ಶೈವರು ಶಿವನೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹಂತನೆಂದು ಪೂಜಿಸುವವನು ಈ ಕೇಶವನೇ ಎಂದು ಸಾರುತ್ತದೆ.

ಆದರೆ ದೊರೆ ಎಷ್ಟು ದಿನ ಕಾಯಬಲ್ಲ? 1311ರಲ್ಲಿ ಮಲಿಕ್ ಕಾಫರನ ದಂಡು ಬಂದಾಗ ಮುಮ್ಮಡಿ ಬಲ್ಲಾಳ ಸಂಪತ್ತನ್ನೊಪ್ಪಿಸಿ ಮಣಿಯಬೇಕಾಯಿತು. ಮುಂದೆ ಅವನೂ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ಹೊಯ್ಸಳರ ಪಟ್ಟಣ ಹಾಳುಬಿದ್ದು 'ಹಳೆಯ ಬೀಡು' ಎಂಬ ಹೆಸರಷ್ಟೇ ಉಳಿಯಿತು.

ಅರಸೀಕೆರೆಯವರ ದಾರಿ ಬೇರೆ. ಬಲ್ಲಾಳ ತೀರಿಕೊಂಡ ಆ 1220ರಲ್ಲೇ ಅಲ್ಲಿ ಶಿವಾಲಯ ಎದ್ದಿತು. ರೇಚರಸ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ಊರವರೂ ಕೈಜೋಡಿಸಿದರು. ಊರಿನ ಹೆಸರೇ ಅರಸಿಯ ಕೆರೆ! ನಾಳೆ ಮಳೆ ಬರುತ್ತದೆ, ಹೊಲಕ್ಕೆ ನೀರು ಬೇಕು ಎಂಬ ನಂಬಿಕೆಯಿಲ್ಲದೆ ಯಾರಾದರೂ ಕೆರೆ ಕಟ್ಟಿಸುತ್ತಾರೆಯೇ?

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿ ಸೇರಿದವು. ನಮಗೆಲ್ಲ ಹೆಮ್ಮೆಯೇ. ಆದರೂ ಆ ಕಂಬದ ಮುಂದೆ ನಿಂತಾಗ ನನಗೊಂದು ಪ್ರಶ್ನೆ ಕಾಡುತ್ತದೆ. ಮಾತು ಕೊಟ್ಟವನು ಲಕ್ಷ್ಮ. ಸುಗ್ಗಲದೇವಿಯನ್ನು ಯಾರಾದರೂ ಕೇಳಿದ್ದರೇ? ಕಲ್ಲಿನಲ್ಲಿ ಅವಳ ಹೆಸರಿದೆ, ಅವಳ ಮಾತಿಲ್ಲ. ಸಾಯುವವರನ್ನು ಹೊಗಳಲು ಕಂಬ ನಿಲ್ಲಿಸಿದ ನಾಡು, ಬದುಕುವವರಿಗಾಗಿ ಕೆರೆಯನ್ನೂ ಕಟ್ಟಿಸಿತು. ಅಕ್ಕತಂಗಿಯರೇ, ನಮ್ಮ ಹೆಣ್ಣುಮಕ್ಕಳಿಗೆ ನಾವು ಮೊದಲು ತೋರಿಸಬೇಕಾದದ್ದು ಆ ಕೆರೆಯನ್ನು.