ಬೆಂಕಿಪುರದ ಸೌದೆ ಲೆಕ್ಕ

ಕಲ್ಲಿದ್ದಲಿನ ಬದಲಿಗೆ, ಇಲ್ಲವೇ ಅದರ ಜೊತೆಗೆ, ಮರವನ್ನು ಉರಿಸಬಹುದೇ ಎಂಬ ಚರ್ಚೆ ಈಗ ಅಮೆರಿಕದಲ್ಲೂ ಇದೆ, ಭಾರತದಲ್ಲೂ ಇದೆ. ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿಗೆ ಶೇ. 5ರಷ್ಟು ಜೈವಿಕ ಉಂಡೆಗಳನ್ನು ಬೆರೆಸಬೇಕೆಂಬ ನೀತಿಯನ್ನು ಭಾರತ ಸರ್ಕಾರ 2021ರಲ್ಲಿ ತಂದಿತು. ಮುಖ್ಯವಾಗಿ ಬೆಳೆಯ ತ್ಯಾಜ್ಯದಿಂದ ಮಾಡಿದ ಉಂಡೆಗಳವು. ಆದರೆ ಮೂಲ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ನೂರು ವರ್ಷಗಳ ಹಿಂದೆಯೇ ಭದ್ರಾವತಿ ಅದನ್ನು ಎದುರಿಸಿತ್ತು.

ಮೈಸೂರು ಸಂಸ್ಥಾನದ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರಿತ್ತು. ಸಂಸ್ಥಾನದೊಳಗೆ ಕಲ್ಲಿದ್ದಲು ಇರಲಿಲ್ಲ. ದೂರದ ಗಣಿಗಳಿಂದ ರೈಲಿನಲ್ಲಿ ತರಿಸುವುದು ದುಬಾರಿ. ಆದರೆ ಭದ್ರಾ ನದಿಯ ದಂಡೆಯ ಬೆಂಕಿಪುರದ ಸುತ್ತ ಮಲೆನಾಡಿನ ಕಾಡಿತ್ತು. ಬೆಂಕಿಪುರವೆಂಬುದು ಭದ್ರಾವತಿಯ ಹಳೆಯ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ, 1923ರ ಜನವರಿಯಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಅದರ ಊದುಕುಲುಮೆಗೆ ಇಂಧನ ಕಾಡಿನ ಇದ್ದಿಲು.

ಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ. ಒಂದು, ಶಾಖ ಕೊಡುವುದು. ಇನ್ನೊಂದು, ಅದಿರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು ಕಬ್ಬಿಣವನ್ನು ಬಿಡಿಸುವುದು. ಇದ್ದಿಲಿನಲ್ಲಿ ಗಂಧಕ ತೀರ ಕಡಿಮೆಯಾದ್ದರಿಂದ ಕಬ್ಬಿಣವೂ ಶುದ್ಧ. ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊರಬಂದ ಹಬೆಯನ್ನು ತಣಿಸಿದರೆ ಟಾರು, ಅಸಿಟೇಟು, ಮೆಥನಾಲ್ ಸಿಗುತ್ತಿದ್ದವು. ವೈದ್ಯರಾದ ನಮಗೆ ಮೆಥನಾಲ್ ಎಂದರೆ ಕುಡಿದವನ ಕಣ್ಣು ಕಳೆಯುವ ವಿಷ; ಕಾರ್ಖಾನೆಗೆ ಅದು ಮಾರಾಟದ ಸರಕು.

ಕಷ್ಟವಿದ್ದದ್ದು ಸೌದೆಯ ಲೆಕ್ಕದಲ್ಲಿ. ಒಂದು ಟನ್ ಇದ್ದಿಲಿಗೆ ಹೆಚ್ಚುಕಡಿಮೆ ನಾಲ್ಕೈದು ಟನ್ ಒಣ ಸೌದೆ ಬೇಕು. ಕುಲುಮೆಯನ್ನು ಹಗಲಿರುಳೂ ಉರಿಸಬೇಕು. ಮರ ಬೆಳೆಯುವುದಕ್ಕೆ ದಶಕಗಳು ಬೇಕು. ಹತ್ತಿರದ ಮರ ಮುಗಿದಂತೆ ಕೊಡಲಿ ದೂರ ಹೋಗುತ್ತದೆ, ಸಾಗಣೆಯ ಖರ್ಚು ಏರುತ್ತದೆ. ಇದ್ದಿಲು ಕೋಕಿನಷ್ಟು ಗಟ್ಟಿಯಲ್ಲ, ಭಾರಕ್ಕೆ ಪುಡಿಯಾಗುತ್ತದೆ. ಹಾಗಾಗಿ ಕುಲುಮೆಯನ್ನು ಬಹಳ ದೊಡ್ಡದು ಮಾಡುವಂತೆಯೂ ಇರಲಿಲ್ಲ.

ಬಿಡುಗಡೆ ಬಂದದ್ದು ನೀರಿನಿಂದ. ಜೋಗದ ವಿದ್ಯುತ್ ಕೇಂದ್ರ 1948ರಲ್ಲಿ ಶುರುವಾಯಿತು. 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶಾಖದ ಹೊರೆಯನ್ನು ವಿದ್ಯುತ್ತು ಹೊತ್ತಿತು. ಆಮ್ಲಜನಕ ಎಳೆಯಲು ಇಂಗಾಲ ಆಮೇಲೂ ಬೇಕಿತ್ತು, ಆದರೆ ಅದರ ಪ್ರಮಾಣ ಇಳಿಯಿತು.

ಶೋರ್‌ಲೈನ್‌ನಲ್ಲಿರುವ ನಮಗೆ ಇದರ ಹೋಲಿಕೆ ದೂರವಿಲ್ಲ. ನಮ್ಮ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದ ಕೆಟ್ಲ್ ಫಾಲ್ಸ್‌ನಲ್ಲಿ 1983ರಿಂದ ಸುಮಾರು 50 ಮೆಗಾವಾಟ್‌ನ ಸ್ಥಾವರವೊಂದು ಮರದಿಂದಲೇ ವಿದ್ಯುತ್ ಮಾಡುತ್ತಿದೆ. ಅದು ಉರಿಸುವುದು ಮುಖ್ಯವಾಗಿ ಗರಗಸದ ಕಾರ್ಖಾನೆಗಳ ತೊಗಟೆ, ಹೊಟ್ಟು, ಚೂರು. ಮರವನ್ನು ಅಲ್ಲಿ ಕಡಿಯುವುದು ಹಲಗೆಗಾಗಿ. ಭದ್ರಾವತಿಯಲ್ಲಿ ಕಡಿದದ್ದು ಇದ್ದಿಲಿಗಾಗಿಯೇ. ಎರಡೂ ಮರವೇ ಆದರೂ ಕಾಡಿನ ಪಾಲಿಗೆ ಅವು ಒಂದೇ ಅಲ್ಲ.

ಮರ ಮತ್ತೆ ಚಿಗುರುತ್ತದೆ, ಆದ್ದರಿಂದ ಅದು ಮುಗಿಯದ ಇಂಧನ ಎನ್ನುವುದು ಅರ್ಧ ಸತ್ಯ. ಚಿಗುರುವ ವೇಗಕ್ಕಿಂತ ಉರಿಸುವ ವೇಗ ಹೆಚ್ಚಾದರೆ ಅದೂ ಕಲ್ಲಿದ್ದಲಿನಂತೆ ಮುಗಿಯುವ ಗಣಿಯೇ. ಇಂದು ಮರದ ಉಂಡೆಯನ್ನು ಹಸಿರು ಇಂಧನವೆಂದು ಯಾರಾದರೂ ಮಾರಲು ಬಂದರೆ, ಅದು ಯಾವ ಮರ, ಎಲ್ಲಿಯದು, ಅದರ ಜಾಗದಲ್ಲಿ ಏನು ನೆಟ್ಟಿದ್ದೀರಿ ಎಂದು ಕೇಳಬೇಕು. ಹಾಗೆ ಕೇಳುವುದನ್ನು ಭದ್ರಾವತಿ ನಮಗೆ ಕಲಿಸಿದೆ.