ಹಳಿ ಮತ್ತು ಟೈರು: ನಂಬಬಹುದಾದ ಗಾಲಿಯ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಸರ ವಂಶಾವಳಿಯ ಕಡೆಗೂ ಕಾಳಗಗಳ ಕಡೆಗೂ ಹರಿಯುವುದು ವಾಡಿಕೆ. ಆದರೆ ಆ ಅರಸರ ದಂಡಿಗೆ ದವಸವನ್ನು ಹೊತ್ತು ತಂದ ಬಂಡಿಯ ಗಾಲಿಗೂ ಒಂದು ಚರಿತ್ರೆಯುಂಟು. ಈ ದಿನ ಆ ಗಾಲಿಯ ಹೊರ ಅಂಚನ್ನು, ಎಂದರೆ ನೆಲವನ್ನು ಮುಟ್ಟುವ ಭಾಗವನ್ನು ಮಾತ್ರ ಕುರಿತು ವಿಚಾರಮಾಡೋಣ. ವಿಷಯವು ಅಲ್ಪವೆಂದು ತೋರಬಹುದು. ಆದರೂ ಜಾತ್ರೆಗೆಂದು ಹೊರಟ ಸಂಸಾರವೊಂದು ಸುಖವಾಗಿ ಮನೆಗೆ ಹಿಂದಿರುಗುವುದು ಎಷ್ಟೋ ವೇಳೆ ಅದನ್ನೇ ಆಶ್ರಯಿಸಿರುತ್ತದೆ.

ನಿದರ್ಶನಕ್ಕಾಗಿ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಸೀಮೆಯನ್ನು ತೆಗೆದುಕೊಳ್ಳುತ್ತೇವೆ. ನಾರದಮುನಿಯ ದೇವಾಲಯದಿಂದ ಹೆಸರಾದ ಊರಿದು. ಈ ಸೀಮೆಯು 1953ರವರೆಗೆ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಆ ವರ್ಷ ಮೈಸೂರಿಗೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೂ, ಅನಂತರ ಮತ್ತೆ ಬಳ್ಳಾರಿಗೂ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೂ ಸೇರಿತು. ಆಡಳಿತದ ಗಡಿಗಳು ಇಷ್ಟು ಸಲ ಬದಲಾದರೂ ಜನರು ಹೋಗುವ ಜಾತ್ರೆಗಳು ಬದಲಾಗಲಿಲ್ಲ. ಮಾಘಮಾಸ ಬಂದಿತೆಂದರೆ ಕೊಟ್ಟೂರಿನ ಗುರು ಬಸವೇಶ್ವರನ ತೇರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ. ಸುಗ್ಗಿಯ ಬಳಿಕ ಬಂಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ರೊಟ್ಟಿಬುತ್ತಿಯೊಡನೆ ಮಕ್ಕಳು ಮುದುಕರನ್ನೆಲ್ಲ ಕೂರಿಸಿಕೊಂಡು ಹೊರಡುವುದು ಈ ನಾಡಿನ ಪದ್ಧತಿ. ಪಾಶ್ಚಾತ್ಯರು ಮೋಟಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಬಂಡಿಯನ್ನು ಹೊಸ ವಿಲಾಸವೆಂದು ಭಾವಿಸುವವರು, ದಾರಿಯಲ್ಲೇ ಉಂಡು ಮಲಗುವ ನಮ್ಮ ಈ ಸವಾರಿ ಬಂಡಿಯನ್ನು ನೆನೆದುಕೊಳ್ಳತಕ್ಕದ್ದು.

ಆ ಬಂಡಿಯ ಗಾಲಿಗೆ ಅಂಗಗಳು ನಾಲ್ಕು: ನಡುವೆ ಗುಂಬ, ಗುಂಬದಿಂದ ಹೊರಟ ಅರೆಕಾಲುಗಳು, ಅವುಗಳ ತುದಿಗೆ ವರ್ತುಲಾಕಾರವಾಗಿ ಕೂಡಿಸಿದ ಬಾಗುಮರದ ತುಂಡುಗಳು, ಇವೆಲ್ಲವನ್ನೂ ಬಿಗಿದು ಹಿಡಿಯುವ ಕಬ್ಬಿಣದ ಹಳಿ. ಮರಗೆಲಸ ಬಡಗಿಯದು, ಹಳಿಯ ಕೆಲಸ ಕಮ್ಮಾರನದು. ಕಮ್ಮಾರನು ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಮಾಡುತ್ತಾನೆ. ಕುರುಳು ಸೌದೆಗಳ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಸಿ, ಹಿಗ್ಗಿದ ಕ್ಷಣದಲ್ಲಿ ಗಾಲಿಗೆ ತೊಡಿಸಿ, ನೀರು ಹೊಯ್ಯುತ್ತಾನೆ. 4 ಅಡಿ ವ್ಯಾಸದ ಗಾಲಿಯ ಸುತ್ತಳತೆ ಸುಮಾರು 12½ ಅಡಿ. ಕಬ್ಬಿಣದ ಉಷ್ಣತೆಯು 500 ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿದರೆ, ಅಷ್ಟುದ್ದದ ಹಳಿ ಮುಕ್ಕಾಲು ಅಂಗುಲಕ್ಕಿಂತ ಹೆಚ್ಚಾಗಿಯೇ ಹಿಗ್ಗುತ್ತದೆ. ತಣಿಯುವಾಗ ಅದು ಕುಗ್ಗಿ ಮರದ ಸಂದುಗಳನ್ನೆಲ್ಲ ಒತ್ತಿ ಬಿಗಿಮಾಡುವುದು. ಪದಾರ್ಥ ವಿಜ್ಞಾನದ ಪುಸ್ತಕವನ್ನು ಓದದ ಕಮ್ಮಾರನು ಈ ನಿಯಮವನ್ನು ಕಣ್ಣಳತೆಯಲ್ಲಿ ನಡೆಸುತ್ತಿದ್ದನು.

ಇಲ್ಲಿ ಗಮನಿಸಬೇಕಾದ ವಿಷಯವೊಂದುಂಟು. ಹಳಿಯ ಗಾಲಿ ಕೆಡುವುದಕ್ಕೆ ಮುಂಚೆ ಹೇಳಿ ಕೆಡುತ್ತಿತ್ತು. ಬೇಸಗೆಯಲ್ಲಿ ಮರ ಒಣಗಿ ಸಂಕುಚಿತವಾದರೆ ಹಳಿ ಸಡಿಲವಾಗಿ ಕಟಕಟನೆ ಸದ್ದು ಮಾಡುವುದು. ಒಕ್ಕಲಿಗನು ಗಾಲಿಯನ್ನು ನೀರಿನಲ್ಲಿ ನೆನೆಹಾಕುವನು, ಇಲ್ಲವೆ ಬೆಣೆ ಬಡಿಯುವನು. ಕೀಲೆಣ್ಣೆ ಒಣಗಿದರೆ ಅಚ್ಚು ಕಿರುಗುಟ್ಟುವುದು. ಅರೆಕಾಲು ಬಿರಿದರೆ ಬರಿಗಣ್ಣಿಗೆ ಕಾಣುವುದು. ಎತ್ತಿನ ನಡಿಗೆಯೋ ಗಂಟೆಗೆ ಮೂರು ನಾಲ್ಕು ಕಿಲೋಮೀಟರು. ಗಾಲಿ ಮುರಿದರೂ ಸಾಮಾನ್ಯವಾಗಿ ಪ್ರಯಾಣ ನಿಲ್ಲುತ್ತಿತ್ತು, ಪ್ರಾಣ ನಿಲ್ಲುತ್ತಿರಲಿಲ್ಲ. ಕೊಳ್ಳುವವನಿಗೆ ಮಾಡಿದವನ ಗುರುತೂ ಇದ್ದಿತು. ಗಾಲಿ ಕೆಟ್ಟರೆ ಕೇಳುವುದಕ್ಕೆ ಬಡಗಿಯ ಮನೆ ಅದೇ ಊರಿನಲ್ಲಿತ್ತು.

ಹಾಗೆಂದು ಹಳಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಇಕ್ಕಟ್ಟಾದ ಕಬ್ಬಿಣದ ಪಟ್ಟಿಯ ಮೇಲೆ ಇಡೀ ಹೊರೆ ಬೀಳುವುದರಿಂದ ಅದು ರಸ್ತೆಯನ್ನು ಕೊರೆಯುತ್ತಿತ್ತು. ಮಸಾರಿ ನೆಲದಲ್ಲಿ ಹೇಗೋ ಸಾಗಿದ ಬಂಡಿ, ಮಳೆ ಬಿದ್ದ ಎರೆಯ ನೆಲದಲ್ಲಿ ಗುಂಬದವರೆಗೆ ಹೂತುಹೋಗುತ್ತಿತ್ತು. ಈ ಸಂಕಟ ಎತ್ತುಗಳ ಹೆಗಲಿಗೇ ಗೊತ್ತು.

ಪರಿಹಾರವು ದೂರದಿಂದ ಬಂದಿತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ಗಂಧಕದೊಡನೆ ಕಾಸಿ ರಬ್ಬರನ್ನು ಗಟ್ಟಿಮಾಡುವ ವಿಧಾನವನ್ನು ಕಂಡನು. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಆದರೆ ಲೋಕ ಅದನ್ನು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ಪನು ಮಗನ ಮೂರುಗಾಲಿ ಸೈಕಲ್ಲಿಗಾಗಿ ಮಾಡಿದ ಟೈರಿಗೆ ಮತ್ತೆ ಹಕ್ಕುಪತ್ರ ಪಡೆದನು. ಥಾಮ್ಸನನ ಹಳೆಯ ಪತ್ರ ಬೆಳಕಿಗೆ ಬಂದಾಗ ಡನ್‌ಲಪ್ಪನ ಹಕ್ಕು ಬಿದ್ದುಹೋಯಿತು. ಅವನ ಹೆಸರು ಮಾತ್ರ ಉಳಿಯಿತು. 1936ರಲ್ಲಿ ಬಂಗಾಳದ ಸಹಾಗಂಜಿನಲ್ಲಿ ಡನ್‌ಲಪ್ ಕಾರ್ಖಾನೆ ಆರಂಭವಾಯಿತು. ಮುಂದೆ ವಿಕ್ರಾಂತ್ ಕಾರ್ಖಾನೆಯ ಮೂಲಕ ಟೈರಿನ ತಯಾರಿಕೆ ನಮ್ಮ ಮೈಸೂರಿಗೂ ಬಂದಿತು. ಎತ್ತಿನ ಬಂಡಿಗೂ ರಬ್ಬರಿನ ಟೈರು ಬಿತ್ತು. ಹೊರೆ ಅಗಲವಾಗಿ ಹಂಚಿತು, ರಸ್ತೆ ಉಳಿಯಿತು, ಎತ್ತಿಗೆ ಎಳೆತ ಹಗುರವಾಯಿತು. ಆದರೆ ಜಾಲಿಯ ಮುಳ್ಳಿಗೆ ಹಳಿ ಅಂಜುತ್ತಿರಲಿಲ್ಲ, ಟೈರು ಅಂಜಬೇಕಾಯಿತು. ಕಮ್ಮಾರನಿಗೆ ಇದನ್ನು ರಿಪೇರಿಮಾಡುವುದೂ ಸಾಧ್ಯವಿಲ್ಲವಾಯಿತು.

ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಇನ್ನೊಂದು ಪರಿವರ್ತನೆಯಾಯಿತು. ಕೊಟ್ಟೂರಿಗೂ ಮೈಲಾರಕ್ಕೂ ಈಗ ಹೊರಡುವ ಬಂಡಿಗಳಲ್ಲಿ ಟ್ರ್ಯಾಕ್ಟರಿನ ಟ್ರೇಲರುಗಳೂ ಸೇರಿವೆ. ಸರಕಿನ ಟ್ರೇಲರಿನಲ್ಲಿ ಜನರನ್ನು ತುಂಬುವುದಕ್ಕೆ ಕಾಯಿದೆಯ ಒಪ್ಪಿಗೆಯಿಲ್ಲವೆಂಬುದನ್ನು ಮೊದಲು ಹೇಳತಕ್ಕದ್ದು. ಅದರ ಟೈರಿನ ಸ್ಥಿತಿಯನ್ನು ನೋಡಿದರೆ ಕಾಯಿದೆಯ ವಿವೇಕ ತಿಳಿಯುತ್ತದೆ. ಲಾರಿಯಿಂದ ಕಳಚಿದ ಹಳೆಯ ಟೈರೇ ಟ್ರೇಲರಿಗೆ ಸಾಕೆಂಬ ಭಾವನೆ ಎಷ್ಟೋ ಕಡೆ ಇದೆ. ಟ್ರೇಲರು ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತಿರುತ್ತದೆ; ಬಳಿಕ ಒಮ್ಮೆಗೇ ತುಂಬು ಹೊರೆಯೊಡನೆ ದೂರಪ್ರಯಾಣ ಹೊರಡುತ್ತದೆ. ಗಾಳಿ ಕಡಮೆಯಾದ ಟೈರು ಉರುಳುವಾಗ ಅದರ ಪಕ್ಕೆಗಳು ಅತಿಯಾಗಿ ಬಾಗುತ್ತವೆ. ಬಾಗಿದಷ್ಟೂ ಒಳಗೆ ಕಾವು ಹೆಚ್ಚುತ್ತದೆ. ಕಾವಿನಿಂದ ಒಳಪದರಗಳು ಬಿಟ್ಟುಕೊಂಡು ಟೈರು ಹಠಾತ್ತನೆ ಸಿಡಿಯುತ್ತದೆ. ಹಳಿಯಂತೆ ಮುಂಚಿತವಾಗಿ ಸದ್ದು ಮಾಡಿ ಎಚ್ಚರಿಸುವ ಗುಣ ರಬ್ಬರಿಗಿಲ್ಲ. ಮೇಲಿನ ಅಚ್ಚು ಸವೆಯದೆ ಹೊಸದರಂತೆ ಕಂಡರೂ, ಒಳಗೆ ಅದು ಮುಪ್ಪಾಗಿರಬಹುದು.

ಹಾಗಾದರೆ ನಂಬುವುದು ಯಾವುದನ್ನು? ಹಿಂದೆ ಕಿವಿ ಕೇಳುತ್ತಿದ್ದುದನ್ನು ಈಗ ಕಣ್ಣು ಓದಬೇಕು. ಟೈರಿನ ಪಕ್ಕೆಯ ಮೇಲೆ ಅದರ ಜಾತಕವೇ ಅಚ್ಚಾಗಿರುತ್ತದೆ. ಅಲ್ಲಿಯ ನಾಲ್ಕು ಅಂಕೆಗಳು ಹುಟ್ಟಿದ ಕಾಲವನ್ನು ತಿಳಿಸುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ಐದಾರು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷ ಮೀರಿದುದನ್ನು ಬಳಸಕೂಡದೆಂದೂ ಹಲವು ತಯಾರಕರ ಸಲಹೆಯಿದೆ. ಹೊರೆಯ ಸಂಖ್ಯೆ ಬೇರೆ: 100 ಎಂದರೆ ಆ ಒಂದು ಟೈರು 800 ಕಿಲೋಗ್ರಾಂ ಹೊರಬಲ್ಲದು, 121 ಎಂದರೆ 1,450. ಟ್ರೇಲರಿನ ಸ್ವಂತ ತೂಕ 1,000 ಕಿಲೋಗ್ರಾಂ, ಅದರಲ್ಲಿ 50 ಕಿಲೋಗ್ರಾಮಿನ ಮೆಕ್ಕೆಜೋಳದ ಚೀಲಗಳು 40 ಎಂದು ಭಾವಿಸೋಣ. ಒಟ್ಟು 3,000. ಸ್ವಲ್ಪ ಭಾರವನ್ನು ಟ್ರ್ಯಾಕ್ಟರಿನ ಕೊಂಡಿ ಹೊರುವುದಾದರೂ ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಕ್ಷೇಮ. ಆಗ ಎರಡು ಗಾಲಿಗಳಲ್ಲಿ ಒಂದೊಂದಕ್ಕೆ 1,500. ದೊಡ್ಡದಾಗಿ ಕಂಡ 121ರ ಟೈರು ಈ ಸಾಧಾರಣ ಹೊರೆಗೇ ಸಾಲದು. ಹೊರೆಯ ಪಕ್ಕದ ಅಕ್ಷರವು ವೇಗದ ಮಿತಿ: ಎ8 ಎಂದರೆ ಗಂಟೆಗೆ 40 ಕಿಲೋಮೀಟರು. ಇಷ್ಟನ್ನು ಓದಿ, ಒಂದು ಅಚ್ಚಿನ ಎರಡು ಕಡೆಗೂ ಒಂದೇ ಅಳತೆಯ, ಒಂದೇ ಬಗೆಯ ಟೈರುಗಳನ್ನು ಹಾಕಿಸಿ, ಹೊರಡುವ ದಿನ ಬೆಳಗ್ಗೆ ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆದುಕೊಂಡರೆ, ಮನುಷ್ಯಪ್ರಯತ್ನದಿಂದ ಆಗಬಹುದಾದುದರಲ್ಲಿ ಬಹುಭಾಗವನ್ನು ಮಾಡಿದಂತಾಯಿತು.

ಕಾರಿನ ಹಿಂದೆ ಮನೆಬಂಡಿಯನ್ನು ಕಟ್ಟಿಕೊಂಡು ವಿಹಾರ ಹೊರಡುವ ನಗರವಾಸಿಗಳಿಗೂ ನಿಯಮ ಇದೇ. ಅದೂ ವರ್ಷದಲ್ಲಿ ಬಹುಕಾಲ ನಿಂತೇ ಇರುವ ಬಂಡಿಯಲ್ಲವೆ? ಬೆಲೆಯಾಗಲಿ ಹೊಳಪಾಗಲಿ ಅಂಗಡಿಯವರ ಮಾತಾಗಲಿ ಟೈರಿನ ವಯಸ್ಸನ್ನು ಹೇಳಲಾರವು.

ಊರಿನ ಬಡಗಿ ಕಮ್ಮಾರರು ತಮ್ಮ ಮಾನವನ್ನು ಗಾಲಿಗೆ ಒತ್ತೆಯಿಟ್ಟಿದ್ದ ಕಾಲದಲ್ಲಿ ನಮಗೆ ಓದು ಬಾರದಿದ್ದರೂ ನಡೆಯುತ್ತಿತ್ತು. ಈಗ ಟೈರನ್ನು ಮಾಡಿದವನ ಮುಖ ನಮಗೆ ಕಾಣದು. ಅವನು ಬರೆದಿಟ್ಟ ಅಂಕೆಗಳು ಮಾತ್ರ ಕಾಣುತ್ತವೆ. ಹಳ್ಳಿಯಲ್ಲಿ ಅಕ್ಷರ ಬಲ್ಲ ಹುಡುಗನೊಬ್ಬನು ಜಾತ್ರೆಗೆ ಮುಂಚೆ ಬಂಡಿಯ ಬಳಿ ಕುಳಿತು ಆ ಅಂಕೆಗಳನ್ನು ತನ್ನ ತಂದೆಗೆ ಗಟ್ಟಿಯಾಗಿ ಓದಿ ಹೇಳಿದರೆ, ಅವನು ಕಲಿತ ವಿದ್ಯೆಯು ಆ ದಿನವೇ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.