ಜೀವಕೋಶದ ಕಸ ವಿಲೇವಾರಿಗೇ ಕೈ ಹಾಕುವ ವೈರಸ್‌ಗಳು

ಜೀವಕೋಶಗಳು ತಮ್ಮೊಳಗಿನ ಹಾಳಾದ ಭಾಗ, ಕೆಟ್ಟ ಪ್ರೋಟೀನುಗಳನ್ನು ಪೊರೆಯ ಚೀಲದಲ್ಲಿ ಕಟ್ಟಿ, ಲೈಸೋಸೋಮ್‌ಗೆ ಸಾಗಿಸಿ ಕರಗಿಸುತ್ತವೆ. ಇದಕ್ಕೆ ಆಟೋಫೇಜಿ ಅಂತಾರೆ. ಯೀಸ್ಟ್‌ನಲ್ಲಿ ಇದರ ಗುಟ್ಟು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಒಳನುಗ್ಗಿದ ವೈರಸ್ಸೂ ಇದೇ ಚೀಲಕ್ಕೆ ಬೀಳಬೇಕು. ಸುಲಭಕ್ಕೆ ಬೀಳಲ್ಲ. ಕೋವಿಡ್ ವೈರಸ್ಸಿನ ಓಆರ್‌ಎಫ್3ಎ ಪ್ರೋಟೀನು, ಚೀಲ ಲೈಸೋಸೋಮ್ ಜತೆ ಬೆರೆಯದಂತೆ ತಡೆಯುತ್ತದೆ. ಕಸದ ಗಾಡಿ ತುಂಬಿಯೂ ದಾರಿಯಲ್ಲೇ ನಿಂತ ಹಾಗೆ. ಡೆಂಗಿ ಇನ್ನೂ ಚಾಲಾಕಿ. ತಡೆಯೋ ಬದಲು, ಕೋಶದ ಕೊಬ್ಬಿನ ಹನಿಗಳನ್ನು ಇದೇ ವ್ಯವಸ್ಥೆಯಿಂದ ಕರಗಿಸಿಕೊಂಡು, ಆ ಶಕ್ತಿಯಲ್ಲಿ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ.

ಹಸಿವಾದಾಗ ಆಟೋಫೇಜಿ ಚುರುಕಾಗುತ್ತದೆ, ನಿಜ. ಅದನ್ನೇ ನಂಬಿ ಡೆಂಗಿ ಜ್ವರದಲ್ಲಿ ಉಪವಾಸ ಕೂರುವುದು ಅಪಾಯ. ಆಗ ಬೇಕಿರುವುದು ನೀರು, ಗಂಜಿ, ಓಆರ್‌ಎಸ್, ಜತೆಗೆ ವೈದ್ಯರ ನಿಗಾ.